ನೆನಪು ಯಾವಾಗ ಮೇಲೆ ಬರಬೇಕು?

ಕಾರ್ಗಲ್ ಸೀಮೆಯ ಕಥೆ ಬರೆಯುವವರು ಹಿನ್ನೋಟದ ಪಾಠವನ್ನು ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಿಂದಲೇ ಕಲಿಯಬಹುದು. 1964ರಲ್ಲಿ ಆ ಅಣೆಕಟ್ಟು ಎದ್ದಾಗ ಊರು, ತೋಟಗಳ ಜೊತೆ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟೂ ಮುಳುಗಿತು. ನೀರು ತೀರಾ ಇಳಿದ ವರ್ಷ ಮಾತ್ರ ಅದು ಕಾಣುತ್ತದೆ. ಕಥೆಯಲ್ಲೂ ಈಗಿನ ಬದುಕಿನಲ್ಲಿ ಏನೋ ಬತ್ತಿದಾಗಲೇ ಹಳೆಯದು ಮೇಲೇಳಲಿ.

‘ಅಜ್ಜನಿಗೆ ಆ ದಿನಗಳು ನೆನಪಾದವು’ ಎಂದು ಮೂರು ಪುಟ ಸುರಿದರೆ ನಾನಂತೂ ಹಾಳೆ ಮಗುಚುತ್ತೇನೆ. ಇಂದಿನ ನಿರ್ಧಾರವನ್ನು ಅಲುಗಾಡಿಸದ ನೆನಪನ್ನು ಹೊಡೆದುಹಾಕಿ. ಜಗಲಿಯಲ್ಲಿ ಮುಳುಗಡೆ ಪರಿಹಾರದ ಕಾಗದ ಹುಡುಕುವಾಗ ಅಜ್ಜನ ಕೈಗೆ ಮುಳುಗಿದ ಮನೆಯ ಬೀಗದ ಕೈ ಸಿಗಲಿ. ನೆನಪಿಗೆ ನಾಲ್ಕು ಸಾಲು ಸಾಕು. ಆಮೇಲೆ ಜಗಲಿಗೆ ಮರಳಿ, ಅವನು ಆ ಕಾಗದಕ್ಕೆ ಸಹಿ ಹಾಕಿದನೋ ಇಲ್ಲವೋ ಹೇಳಿ.