ಅಪ್ಪ ಬ್ರೇಕ್ ಹಾಕಿದ್ದು

ಏಪ್ರಿಲ್ ಮಧ್ಯಾಹ್ನ. ಹಿರಿಯೂರು ದಾಟಿ ಚಿತ್ರದುರ್ಗದ ಕಡೆ ಹೊರಟಿದ್ವಿ. ಕಾರು ಓಡಿಸ್ತಿದ್ದ ಅಪ್ಪ ಇದ್ದಕ್ಕಿದ್ದಂತೆ ಬ್ರೇಕ್ ಒತ್ತಿದರು. "ರಸ್ತೆ ಮೇಲೆ ನೀರು ನಿಂತಿದೆ ನೋಡೋ!" ಹಿಂದಿದ್ದ ಲಾರಿಯವನು ಹಾರನ್ ಹೊಡೆದು, ಬೈದುಕೊಂಡೇ ಪಕ್ಕಕ್ಕೆ ಹೋದ.

ಕಳೆದ ವರ್ಷವಷ್ಟೇ ಅಪ್ಪನಿಗೆ ಕಣ್ಣಿನ ಪೊರೆ ಆಪರೇಷನ್ ಆಗಿತ್ತು. ಇನ್ನು ಇವರ ಕೈಗೆ ಕಾರು ಕೊಡಬಾರದು ಅಂತ ಹೇಳೋಕೆ ಬಾಯಿ ತೆರೆದೆ. ಮುಂದೆ ನೋಡಿದರೆ ನನಗೂ ನೀರೇ! ಎದುರಿಂದ ಬರ್ತಿದ್ದ ಬಸ್ಸು ಅದರಲ್ಲಿ ತಲೆಕೆಳಗಾಗಿ ಕಾಣ್ತಿತ್ತು.

ಬಿಸಿಲ್ಗುದುರೆ. ಕಾದ ಟಾರಿಗೆ ತಾಗಿದ ಗಾಳಿ ಮೇಲಿನದಕ್ಕಿಂತ ಬಿಸಿ, ತೆಳು. ಗಾಳಿಯ ವಕ್ರೀಭವನಾಂಕ ಮೊದಲೇ ಸುಮಾರು 1.0003, ಬಿಸಿಯಾದಷ್ಟೂ ಇನ್ನೂ ಚೂರು ಕಡಿಮೆ. ಅಷ್ಟು ವ್ಯತ್ಯಾಸವೇ ಸಾಕು, ತೀರಾ ಓರೆಯಾಗಿ ಇಳಿಯುವ ಬೆಳಕು ನೆಲ ಮುಟ್ಟದೆ ಮೇಲಕ್ಕೆ ಬಾಗಿ ಕಣ್ಣಿಗೆ ಬರುತ್ತದೆ. ನಾವು ನೀರು ಅಂದುಕೊಂಡಿದ್ದು ಆಕಾಶದ ತುಂಡು. ಇದು ಕಣ್ಣಿನ ದೋಷವಲ್ಲ, ಫೋಟೋದಲ್ಲೂ ಬರುತ್ತದೆ. (ತೆಗೆದು ಅಮ್ಮನಿಗೆ ಕಳಿಸಿದೆ.)

ಆದರೂ ಹೆದ್ದಾರಿಯಲ್ಲಿ ಹಾಗೆ ಬ್ರೇಕ್ ಹಾಕೋದು ತಪ್ಪೇ. ಅದನ್ನಷ್ಟೇ ಹೇಳಿದೆ.

"ಸರಿ, ಮುಂದಿನ ಢಾಬಾದಿಂದ ನೀನೇ ಓಡ್ಸು" ಅಂದರು ಅಪ್ಪ.

ಟೀ ಕುಡಿದು ಎದ್ದಾಗ ಕೀ ಅವರ ಕೈಯಲ್ಲೇ ಇತ್ತು. ನಾನೂ ಕೇಳಲಿಲ್ಲ.