ಸೈಕಲ್ ಸವಾರಿಯ ಸೊಗಸು

ಸೊಬಗನ್ನು ಕಾಣಬೇಕಾದರೆ ಮಡಿಕೇರಿಗೋ ಆಗುಂಬೆಗೋ ಹೋಗಬೇಕೆಂಬುದು ನನ್ನ ಸಹಪಾಠಿಗಳಲ್ಲಿ ಹಲವರ ಅಭಿಪ್ರಾಯ. ನಾನು ಎರಡನ್ನೂ ಕಂಡವನಲ್ಲ. ನಾನು ಕಂಡಿರುವುದು ಬೆಂಗಳೂರಿನ ಯಡಿಯೂರಿನಲ್ಲಿರುವ ನಮ್ಮ ಮನೆಯಿಂದ ಈ ಕಾಲೇಜಿನ ಹೆಬ್ಬಾಗಿಲಿನವರೆಗಿನ ರಸ್ತೆಯನ್ನು. ಅದೂ ಸೈಕಲ್ಲಿನ ಮೇಲಿಂದ. ಮೂರು ವರ್ಷ ಇದೇ ದಾರಿಯನ್ನು ತುಳಿದ ಮೇಲೆ ಅದರ ಪರವಾಗಿ ನಾಲ್ಕು ಮಾತು ಹೇಳುವ ಅಧಿಕಾರ ನನಗಿದೆಯೆಂದು ಭಾವಿಸುತ್ತೇನೆ.

ಮೊದಲು ನನ್ನ ವಾಹನದ ಪರಿಚಯ. ಇದು ನನಗೆ ನಮ್ಮ ತಂದೆಯವರಿಂದ ಬಂದ ಆಸ್ತಿ. ಅವರು ಸೊಪ್ಪು ಮಾರುವವರು. ನಸುಕಿನಲ್ಲೆದ್ದು ಕೃಷ್ಣರಾಜ ಮಾರುಕಟ್ಟೆಗೆ ಹೋಗಿ, ದಂಟು, ಸಬ್ಬಸಿಗೆ, ಮೆಂತ್ಯ, ಕೊತ್ತಂಬರಿಗಳನ್ನು ಪುಟ್ಟಿಯಲ್ಲಿ ಹೇರಿಕೊಂಡು, ಜಯನಗರದ ಬೀದಿಬೀದಿಯಲ್ಲಿ ಕೂಗುತ್ತ ಹದಿನೆಂಟು ವರ್ಷ ಇದನ್ನು ತುಳಿದರು. ಮಂಡಿನೋವು ಬಂದ ಮೇಲೆ ಅವರಿಗೆ ತಳ್ಳುಗಾಡಿಗೆ ಬಡ್ತಿಯಾಯಿತು. ಸೈಕಲ್ಲು ನನ್ನ ಪಾಲಿಗೆ ಬಂತು. ಒಂದು ಮಳೆ ಬಿದ್ದರೆ ಸಾಕು, ಅದರ ಕ್ಯಾರಿಯರಿಗೆ ಕಟ್ಟಿದ ಹಲಗೆಯಿಂದ ಇಂದಿಗೂ ಸೊಪ್ಪಿನ ವಾಸನೆ ಏಳುತ್ತದೆ.

ಬಸ್ಸಿನಲ್ಲಿ ಹೋಗಬಾರದೇ ಎಂದು ನೀವು ಕೇಳಬಹುದು. 2023ರಿಂದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಪ್ರಯಾಣ ಉಚಿತ. ನನ್ನ ತಂಗಿ ಆ ಭಾಗ್ಯದಲ್ಲಿ ಕುಳಿತು, ಕಿಟಕಿಯಿಂದ ನನ್ನತ್ತ ಕೈಬೀಸುತ್ತಾಳೆ. ನನಗೆ ಪಾಸಿನ ಹಣ ಉಳಿದರೆ ಪುಸ್ತಕಕ್ಕಾಗುತ್ತದೆ. ಅಲ್ಲದೆ, ಈ ಊರಿನಲ್ಲಿ ಬಸ್ಸು ನನ್ನನ್ನು ಹಿಂದೆ ಹಾಕಿದರೂ ಮುಂದಿನ ಸಿಗ್ನಲ್ಲಿನಲ್ಲಿ ನಾನೇ ಅದನ್ನು ಹಿಂದೆ ಹಾಕುತ್ತೇನೆ.

ಮೊದಲ ವರ್ಷ ಮಾತ್ರ ನಾನು ಯಾವ ಸೊಬಗನ್ನೂ ಕಾಣಲಿಲ್ಲ. ತಲೆ ತಗ್ಗಿಸಿ ತುಳಿಯುತ್ತಿದ್ದೆ. ರಸ್ತೆಯ ಗುಂಡಿಗಳು ಅದಕ್ಕೆ ಒಂದು ಕಾರಣ. ಸ್ಕೂಟರುಗಳಲ್ಲಿ ಬರುವ ಗೆಳೆಯರು ಎಲ್ಲಿ ಗುರುತಿಸಿಯಾರೋ ಎಂಬ ನಾಚಿಕೆ ಇನ್ನೊಂದು. ಆದರೆ ತಗ್ಗಿದ ತಲೆಗೂ ಒಂದು ಲಾಭವುಂಟು. ಆ ನವೆಂಬರಿನ ಒಂದು ಬೆಳಿಗ್ಗೆ, ಲಾಲ್‌ಬಾಗಿನ ಪಶ್ಚಿಮ ದ್ವಾರದ ಸಮೀಪ, ಗುಂಡಿಯ ನೀರಿನಲ್ಲಿ ಬಿಳಿಯ ಹೂಗಳು ತೇಲುತ್ತಿದ್ದವು. ಆಕಾಶಮಲ್ಲಿಗೆ! ಹೂ ನನಗೆ ಹೊಸದಲ್ಲ. ಚಿಕ್ಕಂದಿನಲ್ಲಿ ತಂದೆಯವರ ಬರಿದಾದ ಪುಟ್ಟಿಯ ತಳದಲ್ಲಿ ಇವು ಹಿಡಿಯಷ್ಟು ಇರುತ್ತಿದ್ದವು. ನಮ್ಮ ತಾಯಿ ದಾರವಿಲ್ಲದೆ ಅವುಗಳ ಉದ್ದ ತೊಟ್ಟುಗಳನ್ನೇ ಹೆಣೆದು ತಂಗಿಯ ಜಡೆಗೆ ಮುಡಿಸುತ್ತಿದ್ದರು. ಆದರೆ ಇದರ ಮರವನ್ನು ನಾನು ನೋಡಿದವನಲ್ಲ. ಅಂದು ಸೈಕಲ್ಲಿಳಿದು ತಲೆಯೆತ್ತಿದೆ. ಎತ್ತಿದ ತಲೆಯನ್ನು ಮತ್ತೆ ತಗ್ಗಿಸಲು ಮನಸ್ಸಾಗಲಿಲ್ಲ.

ಆಮೇಲೆ ದಾರಿ ಬೇರೆಯೇ ಆಯಿತು. ವರ್ಷದ ಆರಂಭದಲ್ಲಿ ಟಬೂಬಿಯಾ ಮರಗಳು ಒಂದೆಲೆಯೂ ಇಲ್ಲದೆ ಗುಲಾಬಿ ಬಣ್ಣಕ್ಕೆ ತಿರುಗುತ್ತವೆ. ಅದರ ಹಿಂದೆಯೇ ಹೊಂಗೆಯ ಎಳೆಯ ಹಸುರು. ಪರೀಕ್ಷೆಯ ಬಿಸಿಲಿಗೆ ಸರಿಯಾಗಿ ಗುಲ್‌ಮೊಹರಿನ ಕೆಂಪು. ಇದೆಲ್ಲ ತಾನಾಗಿ ಆದದ್ದೆಂದು ತಿಳಿದಿದ್ದೆ. 1908ರಲ್ಲಿ ಬೆಂಗಳೂರಿಗೆ ಬಂದು ಲಾಲ್‌ಬಾಗಿನ ಹೊಣೆ ಹೊತ್ತ ಜರ್ಮನಿಯ ಕೃಂಬಿಗಲ್ ಎಂಬವರು, ಒಂದರ ಹೂ ಮುಗಿಯುವಾಗ ಇನ್ನೊಂದು ಅರಳುವಂತೆ ಮರಗಳನ್ನು ಆರಿಸಿ ಬೀದಿಗಳಲ್ಲಿ ನೆಡಿಸಿದರೆಂದು ಗ್ರಂಥಾಲಯದಲ್ಲಿ ಓದಿ ಬೆರಗಾದೆ. ಅವರು 1956ರಲ್ಲಿ ಇದೇ ಊರಿನಲ್ಲಿ ತೀರಿಕೊಂಡರು. ದಿನಚರಿಯಂತೆ ಹೂಬಿಡುವ ಊರೊಂದನ್ನು ನಮಗೆ ಬಿಟ್ಟು ಹೋದರು.

ಮರಗಳಿಲ್ಲದ ಕಡೆಯೂ ನೋಟಕ್ಕೆ ಬರವಿಲ್ಲ. 2017ರಿಂದ ಮೆಟ್ರೋ ರೈಲು ನೆತ್ತಿಯ ಮೇಲೆ ಓಡುವ ಆರ್.ವಿ. ರಸ್ತೆಯಲ್ಲಿ ಕಂಬಕ್ಕೊಂದು ನೆರಳು, ನೆರಳಿಗೊಂದು ಬಿಸಿಲು. ಜೆ.ಸಿ. ರಸ್ತೆಯಲ್ಲಿ ವಾಹನಗಳ ಬಿಡಿಭಾಗದ ಅಂಗಡಿಗಳ ಮುಂದೆ ಸಾಲಾಗಿ ಕನ್ನಡಿಗಳನ್ನು ತೂಗುಹಾಕಿರುತ್ತಾರೆ. ಅಲ್ಲಿ ನಾನೊಬ್ಬನೇ ಹತ್ತಾರು ಮಂದಿಯಾಗಿ ಮೆರವಣಿಗೆ ಹೋಗುತ್ತೇನೆ.

ಇಲ್ಲಿ ಒಂದು ಸಂಗತಿಯನ್ನು ಬಚ್ಚಿಡದೆ ಹೇಳಬೇಕು. ಎರಡನೆಯ ವರ್ಷ, ಗೆಳೆಯನೊಬ್ಬನೊಡನೆ ಬರುತ್ತಿದ್ದಾಗ, ಸೌತ್ ಎಂಡ್ ವೃತ್ತದ ಬಳಿ ತಂದೆಯವರ ಗಾಡಿ ಎದುರಾಯಿತು. ನಾನು ಮುಖ ತಿರುಗಿಸಿ ಜೋರಾಗಿ ತುಳಿದುಬಿಟ್ಟೆ. ಹಿಂದಿನಿಂದ ಬರುತ್ತಿದ್ದ "ಸೊಪ್ಪೋ" ಎಂಬ ಕೂಗು ಅರ್ಧಕ್ಕೆ ನಿಂತಿತು. ರಾತ್ರಿ ಊಟಕ್ಕೆ ಕುಳಿತಾಗ ಅವರು ಆ ವಿಷಯ ಎತ್ತಲಿಲ್ಲ. "ಚೈನಿಗೆ ಎಣ್ಣೆ ಬಿಡು ಮಗಾ, ದೂರಕ್ಕೇ ಸದ್ದು ಕೇಳ್ತದೆ" ಎಂದಷ್ಟೇ ಹೇಳಿದರು. ಮರಗಳನ್ನು ನೋಡಲು ಕಲಿತ ಕಣ್ಣು ತಂದೆಯನ್ನು ನೋಡಲು ಕಲಿತಿರಲಿಲ್ಲ.

ಈ ಸಲದ ನವೆಂಬರಿನಲ್ಲಿ ಅದೇ ಆಕಾಶಮಲ್ಲಿಗೆಯ ಕೆಳಗೆ ಅವರ ಗಾಡಿ ನಿಂತಿತ್ತು. ಅದೇ ಗೆಳೆಯನೂ ಸ್ಕೂಟರಿನಲ್ಲಿ ಪಕ್ಕದಲ್ಲೇ ಇದ್ದ. ನಾನು ಬ್ರೇಕು ಹಿಡಿದೆ. "ಇವರು ನಮ್ಮ ತಂದೆ" ಎಂದೆ. ಈ ಮೂರು ಪದಗಳಿಗೆ ಮೂರು ವರ್ಷ ಹಿಡಿದಿತ್ತು.

"ಇಲ್ಲೇ ಯಾಕಪ್ಪಾ ನಿಂತಿದ್ದೀಯ?" ಎಂದು ಕೇಳಿದೆ.

"ಮೊದಲಿಂದ್ಲೂ ಇಲ್ಲೇ ಕಣೋ ನಾನು ನಿಲ್ಲೋದು. ಮಾರ್ಕೆಟ್ಟಿಂದ ಬರೋವಾಗ ಒಂದು ಗಳಿಗೆ ಸುಧಾರಿಸ್ಕೋತಿದ್ದೆ. ಹೂವು ತಾನಾಗೇ ಪುಟ್ಟಿಗೆ ಬೀಳೋದು."

ನಮ್ಮ ಮನೆಯಲ್ಲಿ ಪದವಿಯ ತರಗತಿಗೆ ಬಂದವರಲ್ಲಿ ನಾನೇ ಮೊದಲಿಗ. ಆ ಮರದ ಕೆಳಗೆ ನಿಂತವರಲ್ಲಿ ಮೊದಲಿಗನಲ್ಲವೆಂದು ಅಂದು ತಿಳಿಯಿತು.

ತಂದೆಯವರು ಗೆಳೆಯನ ಕೈಗೆ ಒಂದು ಕಟ್ಟು ಕೊತ್ತಂಬರಿ ಕೊಟ್ಟರು, ಹಣ ತೆಗೆದುಕೊಳ್ಳಲಿಲ್ಲ. ಅವನು ಅದನ್ನು ಪುಸ್ತಕದ ಚೀಲದಲ್ಲೇ ಇಟ್ಟುಕೊಂಡು ತರಗತಿಗೆ ಬಂದ. ಮೊದಲ ಪೀರಿಯಡ್ಡಿನಲ್ಲಿ ನಮ್ಮ ಅಧ್ಯಾಪಕರು ಪಾಠ ನಿಲ್ಲಿಸಿ, "ಎಲ್ಲಿಂದಯ್ಯಾ ಈ ಕೊತ್ತಂಬರಿ ವಾಸನೆ?" ಎಂದರು. ತರಗತಿ ನಕ್ಕಿತು. ನಾನು ಎದ್ದು ನಿಂತು, "ನಮ್ಮ ತಂದೆಯವರ ಗಾಡಿಯಿಂದ, ಸಾರ್" ಎಂದೆ.

"ಬಹಳ ಚೆನ್ನಾಗಿದೆ. ನಾಳೆ ಬರುವಾಗ ನನಗೂ ಒಂದು ಕಟ್ಟು ತಾ" ಎಂದರು.

ಮರುದಿನ ಕ್ಯಾರಿಯರಿನ ಹಲಗೆಗೆ ಅದರ ಹಳೆಯ ಕೆಲಸ ಸಿಕ್ಕಿತು.