ತಪ್ಪು ಯಾರದು?

ಮನೆಯಲ್ಲಿ ಮಜ್ಜಿಗೆ ಕಿಲುಬುಗಟ್ಟಿದರೆ ಮೊದಲ ಮಾತು ಬೀಳುವದು ಸೊಸೆಯ ಮೇಲೆ. ಹೆಪ್ಪು ಹೆಚ್ಚಾಯಿತೆಂದು ಅತ್ತೆಯವರೂ, ಹಾಲು ಕಾಯಿಸುವಾಗ ಲಕ್ಷ್ಯವಿರಲಿಲ್ಲವೆಂದು ನಾದಿನಿಯೂ ಹೇಳುವರು. ಹಿತ್ತಾಳೆಯ ಪಾತ್ರೆಯನ್ನು ಬೆಳಕಿಗೆ ಹಿಡಿದು, ಎಲ್ಲಿಯಾದರೂ ಕಲಾಯಿ ಹಾರಿರುವದೇನೋ ಎಂದು ನೋಡುವವರು ವಿರಳ. ಪಾತ್ರೆ ಮೂಕವಾದದ್ದು, ಸೊಸೆ ಕಣ್ಣೆದುರಿಗೆ ಇರುವವಳು. ತಪ್ಪು ಹೊರಿಸಲಿಕ್ಕೆ ಅವಳೇ ಅನುಕೂಲ. ಈ ಸ್ವಭಾವವು ಅಡಿಗೆಮನೆಯಿಂದ ಕಚೇರಿಯವರೆಗೂ ಒಂದೇ ಪರಿಯಾಗಿರುವದೆಂಬುದನ್ನು ನಾನು ಒಂದು ಟಪಾಲಿನ ಯಂತ್ರದ ದೆಸೆಯಿಂದ ಕಂಡೆನು. ಯಂತ್ರದ ವಿಷಯವೆಂದು ವಾಚಕರು ಪುಟ ತಿರುವಬಾರದಾಗಿ ವಿನಂತಿ. ಇದರಲ್ಲಿ ಒಬ್ಬ ಹುಡುಗನ ಅನ್ನದ ಪ್ರಶ್ನೆಯೂ, 14 ಹುಡುಗಿಯರ ಓದಿನ ಪ್ರಶ್ನೆಯೂ ಇದ್ದವು.

ನಾವು ಕೆಲವರು ಸೇರಿ ನಡೆಸುವ ಸಣ್ಣ ಶಿಕ್ಷಣ ಮಂಡಳಿಯೊಂದುಂಟು. ಅದರ ಶಾಲೆಗಳು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ಊರುಗಳಲ್ಲಿ ಇವೆ. ಮೊದಲೆರಡು ಭೀಮೆಯ ಕಡೆಯ ತಾಲೂಕುಗಳು. ಉಳಿದೆರಡು ಕೃಷ್ಣೆಯ ಕಡೆಯವು. ಮುಖ್ಯ ಕಚೇರಿಯೂ ಹೆಣ್ಣುಮಕ್ಕಳ ವಸತಿಗೃಹವೂ ವಿಜಾಪುರದಲ್ಲಿ. 2014ರ ನವೆಂಬರದಿಂದ ಆ ಊರಿಗೆ ವಿಜಯಪುರವೆಂದು ಹೆಸರು. ಹಿಂದಕ್ಕೆ ಶಾಲೆಗಳ ಕಾಗದಪತ್ರಗಳು ಸಿಪಾಯಿಯ ಚೀಲದಲ್ಲಿ ಬಸ್ಸಿನಿಂದ ಬರುತ್ತಿದ್ದವು. 1995ರ ಆಗಸ್ಟ 15ಕ್ಕೆ ಭಾರತದಲ್ಲಿ ಇಂಟರ್‌ನೆಟ್ಟು ಸಾರ್ವಜನಿಕರಿಗೆ ದೊರೆಯಿತು. ಕೆಲವೇ ವರುಷಗಳಲ್ಲಿ ಭೂಮಿ ಯೋಜನೆಯ ಮೂಲಕ ತಾಲೂಕು ಕಚೇರಿಗಳಲ್ಲಿ ಹೊಲದ ಉತಾರವೂ ಗಣಕಯಂತ್ರದಿಂದ ಸಿಗತೊಡಗಿತು. ಹೊಲದ ಹೆಸರೇ ಯಂತ್ರದೊಳಗೆ ಹೋದ ಬಳಿಕ ಶಾಲೆಯ ಟಪಾಲು ಹಿಂದುಳಿಯಲಿಕ್ಕೆ ಕಾರಣವೇನು? ಮಂಡಳಿಯೂ ಒಂದು ಸರ್ವರನ್ನು ಕೊಂಡಿತು. ಗಣಿತದ ಮಾಸ್ತರಿಕೆಯಿಂದ ನಿವೃತ್ತನಾದ ನನ್ನ ಪಾಲಿಗೆ ಅದರ ಮೇಲ್ವಿಚಾರಣೆ ಬಂದಿತು.

ಸರ್ವರೆಂದರೆ ಹಗಲಿರುಳು ಎಚ್ಚತ್ತಿರುವ ಒಂದು ಕಂಪ್ಯೂಟರು. ಅದರ ಯಜಮಾನಿಕೆ ಮಾಡುವ ಮೂಲ ಕಾರ್ಯಕ್ರಮಕ್ಕೆ ಕರ್ನಲ್ ಎನ್ನುವರು. ನಮ್ಮದು ಲಿನಕ್ಸ್ ಕರ್ನಲ್. ಫಿನ್ಲಂಡದ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸರು 1991ರಲ್ಲಿ ಪ್ರಾರಂಭಿಸಿ ಲೋಕಕ್ಕೆ ಬಿಟ್ಟುಕೊಟ್ಟದ್ದು. ಯಾವ ಕೆಲಸಕ್ಕೆ ಎಷ್ಟು ಜಾಗ, ಎಷ್ಟು ಹೊತ್ತು ಎಂದು ಹಂಚಿಕೊಡುವದು ಈ ಯಜಮಾನನ ಕೆಲಸ. ಅದರ ಕೈಕೆಳಗೆ ಟಪಾಲು ನೋಡಿಕೊಳ್ಳುವದು ಪೋಸ್ಟ್‌ಫಿಕ್ಸ್ ಎಂಬ ಕಾರ್ಯಕ್ರಮ. ಇದನ್ನು ವೀಟ್ಸೆ ವೆನೆಮಾ ಎಂಬವರು ರಚಿಸಿ 1998ರಲ್ಲಿ ಹೊರಗೆ ತಂದರು. ಇದು ದೊಡ್ಡ ಅಂಚೆಮನೆಯಂತೆಯೇ. ಸ್ವೀಕರಿಸುವವನು ಒಬ್ಬ, ವಿಂಗಡಿಸುವವನು ಒಬ್ಬ, ಹಂಚುವವನು ಮತ್ತೊಬ್ಬ. ಬಂದ ಕಾಗದವನ್ನು ಮೊದಲು ಡಿಸ್ಕಿನಲ್ಲಿ ಬರೆದಿಟ್ಟುಕೊಂಡು, ಆಮೇಲೆಯೇ ಕಳಿಸಿದವನಿಗೆ ‘ಮುಟ್ಟಿತು’ ಎಂದು ಹೇಳುವ ಪದ್ಧತಿ. ಮಾಡಿದ ಪ್ರತಿಯೊಂದು ಕೆಲಸವನ್ನೂ ತಾಸು ನಿಮಿಷ ಸಹಿತವಾಗಿ ದಿನಚರಿಯಲ್ಲಿ ಬರೆಯುತ್ತ ಹೋಗುವದು.

ಕೆಲವು ವರುಷಗಳ ಹಿಂದೆ ಮೇ ತಿಂಗಳಲ್ಲಿ ಈ ವ್ಯವಸ್ಥೆ ಕುಂಟತೊಡಗಿತು. ನಡುಮಧ್ಯಾಹ್ನದಲ್ಲಿ ಟಪಾಲಿನ ಕಾರ್ಯಕ್ರಮ ಒಮ್ಮೆಲೆ ಬಿದ್ದುಹೋಗುವದು, ತಾನೇ ಏಳುವದು. ಎರಡು ಸಲ ಕರ್ನಲ್ಲೇ ಕೈಚೆಲ್ಲಿ ಇಡೀ ಯಂತ್ರ ನಿಂತಿತು. ಇದೇ ವೇಳೆಗೆ ವಸತಿಗೃಹದ ಪ್ರವೇಶದ ಯಾದಿಗಳು ಬರಬೇಕಾಗಿದ್ದವು. ಹತ್ತನೆಯ ಇಯತ್ತೆ ಪಾಸಾದ ಹಳ್ಳಿಯ ಹುಡುಗಿಯರಿಗೆ ವಿಜಯಪುರದಲ್ಲಿ ಇರಲಿಕ್ಕೆ ಜಾಗ ಸಿಕ್ಕರೆ ಮುಂದಿನ ಓದು. ಇಲ್ಲವಾದರೆ ಅವರ ತಂದೆಗಳು ಮದುವೆಯ ಮಾತೆತ್ತುವರು. ಇಂಡಿ, ಮುದ್ದೇಬಿಹಾಳ, ಬಾಗೇವಾಡಿಗಳ ಯಾದಿ ಬಂದವು. ಸಿಂದಗಿಯ 14 ಹೆಸರುಗಳ ಯಾದಿ ಮಾತ್ರ ಬರಲಿಲ್ಲ. ಅವಧಿ ಶನಿವಾರಕ್ಕೆ ಮುಗಿದುಹೋಯಿತು.

ಸೋಮವಾರ ಮಂಡಳಿಯ ಸಭೆ. ಸಿಂದಗಿಯ ಕಾರಕೂನನು ಹೊಸಬ, ಹಂಗಾಮಿ ನೌಕರ, ಇಪ್ಪತ್ತನಾಲ್ಕು ವಯಸ್ಸಿನ ಹುಡುಗ. ತಾನು ಗುರುವಾರವೇ ಕಳಿಸಿದೆನೆಂದು ಹೇಳಿದನು. ಅವನ ಕಂಪ್ಯೂಟರಿನಲ್ಲಿ ಕಳಿಸಿದ ಗುರುತೂ ಇತ್ತು. “ಅವನ ಯಂತ್ರ ಅವನ ಸಾಕ್ಷಿ ಹೇಳದೆ ಮತ್ತೇನು ಹೇಳೀತು?” ಎಂದು ಸದಸ್ಯರೊಬ್ಬರು ನಕ್ಕರು. ಅವನನ್ನು ತೆಗೆದುಹಾಕಿ, ಸಿಂದಗಿಯ ಪಾಲಿನ ಜಾಗಗಳನ್ನು ಉಳಿದವರಿಗೆ ಹಂಚಬೇಕೆಂಬ ಠರಾವಿನ ಕರಡು ಮೇಜಿನ ಮೇಲೆ ಬಂದಿತು. ಕಾರ್ಯದರ್ಶಿಗಳು ನನ್ನ ಕಡೆಗೆ ನೋಡಿ, “ಮಾಸ್ತರ, ಶುಕ್ರವಾರದ ತನಕಾ ವ್ಯಾಳೆ ಕೊಡತೇನ್ರಿ. ಖರೇ ಏನು ಅದ ನೋಡಿ ಹೇಳ್ರಿ” ಎಂದರು.

ಸರ್ವರಿನ ದಿನಚರಿಯನ್ನು ತೆರೆದೆನು. ಗುರುವಾರ ಮಧ್ಯಾಹ್ನ 3 ಹೊಡೆದು ಕೆಲವು ನಿಮಿಷಗಳಿಗೆ ಸಿಂದಗಿಯಿಂದ ಒಂದು ಕಾಗದ ಬಂದು ಸ್ವೀಕಾರವಾದ ದಾಖಲೆ ಇತ್ತು. ಹಂಚಿದ ದಾಖಲೆ ಇರಲಿಲ್ಲ. ಹಾಗಾದರೆ ನಡುವೆ ಅದು ಎಲ್ಲಿ ಹೋಯಿತು? ಅಂಚೆ ಖಾತೆಯಲ್ಲಿ ವಿಳಾಸ ತಿಳಿಯದ ಪತ್ರಗಳಿಗೆ ಬೇರೆ ಕೋಣೆ ಇರುವಂತೆ, ಪೋಸ್ಟ್‌ಫಿಕ್ಸಿನಲ್ಲಿ ಓದಲಿಕ್ಕೆ ಬಾರದಷ್ಟು ಕೆಟ್ಟ ಕಾಗದಗಳನ್ನು ತೆಗೆದಿಡುವ ‘ಕರಪ್ಟ್’ ಎಂಬ ಕೋಣೆಯುಂಟು. ಸಿಂದಗಿಯ ಕಾಗದ ಅಲ್ಲಿ ಬಿದ್ದಿತ್ತು. ಕಳಿಸಿದವನ ಹೆಸರು, ಹೊತ್ತು ಸ್ಪಷ್ಟವಾಗಿದ್ದವು; ಒಳಗಿನ ಯಾದಿ ಅಲ್ಲಲ್ಲಿ ಹಾಳಾಗಿತ್ತು.

ಇಷ್ಟರಿಂದ ಹುಡುಗ ಉಳಿದನೆಂದು ತಿಳಿದೆನಾದರೂ ಸದಸ್ಯರು ಒಪ್ಪಲಿಲ್ಲ. “ಅವನು ಕೆಟ್ಟ ಫಾಯಿಲು ಕಳಿಸಿರಬೇಕು. ಅದನ್ನು ನುಂಗಿಯೇ ನಿಮ್ಮ ಯಂತ್ರಕ್ಕೆ ಅಜೀರ್ಣವಾಗಿದೆ” ಎಂದರು. ಮಾತು ಪೂರ್ತಿ ತೆಗೆದುಹಾಕುವಂಥದಲ್ಲ. ಅದಕ್ಕಾಗಿ ಒಂದೊಂದೇ ಸಂಶಯವನ್ನು ಬೇರೆ ಬೇರೆಯಾಗಿ ಪರೀಕ್ಷಿಸುವದು ಅವಶ್ಯವಾಯಿತು.

ಮೊದಲನೆಯ ಸಂಶಯ, ಸ್ಮರಣೆಯ ಜಾಗ ಸಾಲದೆ ಹೋಗಿರಬಹುದೇ? ಜಾಗ ತೀರಿದಾಗ ಲಿನಕ್ಸ್ ಕರ್ನಲ್ ಹೆಚ್ಚು ಜಾಗ ತಿನ್ನುವ ಕಾರ್ಯಕ್ರಮವೊಂದನ್ನು ಕೊಂದು, ಕೊಂದೆನೆಂದು ಬರೆದಿಡುವದು. ಅಂಥ ಬರಹ ಇರಲಿಲ್ಲ. ಇಲ್ಲಿದ್ದದ್ದು ‘ಸಿಗ್ನಲ್ 11’. ಅಂದರೆ ಕಾರ್ಯಕ್ರಮವು ತನ್ನದಲ್ಲದ ಜಾಗಕ್ಕೆ ಕೈಚಾಚಿದ್ದಕ್ಕೆ ಹೊರಗೆ ಹಾಕಲ್ಪಟ್ಟಿತ್ತು. ಎರಡನೆಯದು ಡಿಸ್ಕು. ಅದರ ಪರೀಕ್ಷೆಗಳೆಲ್ಲ ಶುದ್ಧವಾಗಿ ಬಂದವು. ಮೂರನೆಯದು ಸಿಂದಗಿಯ ಕಾಗದ. ಅದೇ ಫಾಯಿಲನ್ನು ಆ ಹುಡುಗನಿಂದ ಮುಂಜಾನೆಯ ತಂಪಿನಲ್ಲಿ ಹತ್ತು ಸಲ ಕಳಿಸಿಸಿದೆನು. ಹತ್ತು ಸಲವೂ ಅಕ್ಷರ ಕೆಡದೆ ಮುಟ್ಟಿತು. ವಿಷವು ಕಾಗದದಲ್ಲಿದ್ದರೆ ಮುಂಜಾನೆ ಮಾತ್ರ ಅಮೃತವಾಗಲಾರದು.

ನಾಲ್ಕನೆಯದು ಟಪಾಲಿನ ಕಾರ್ಯಕ್ರಮದ ಸ್ವಂತ ದೋಷ. ಬರೆದವರ ತಪ್ಪಿದ್ದರೆ ಅದು ಸಾಮಾನ್ಯವಾಗಿ ಒಂದೇ ಮೆಟ್ಟಿಲಲ್ಲಿ ಎಡವುವದು. ಲೆಕ್ಕದ ತಪ್ಪು ಸೂತ್ರವು ಪ್ರತಿಸಲವೂ ಅದೇ ತಪ್ಪು ಉತ್ತರ ಕೊಡುವಂತೆ. ಇಲ್ಲಿ ಹಾಗಿರಲಿಲ್ಲ. ಒಂದು ದಿನ ಟಪಾಲಿನವನು ಬಿದ್ದರೆ, ಇನ್ನೊಂದು ದಿನ ಫಾಯಿಲುಗಳನ್ನು ಒತ್ತಿ ಕಟ್ಟಿಡುವವನು ಬಿದ್ದಿದ್ದನು; ಕರ್ನಲ್ಲಿನ ದೂರುಗಳೂ ದಿನಕ್ಕೊಂದು ಕಡೆಗೆ. ಮನೆಯಲ್ಲಿ ಒಬ್ಬರಿಗೆ ಹೊಟ್ಟೆ ಕೆಟ್ಟರೆ ಅವರ ಊಟ ವಿಚಾರಿಸಬೇಕು. ಎಲ್ಲರಿಗೂ ಕೆಟ್ಟರೆ ಬಾವಿಯ ನೀರು ನೋಡಬೇಕು. ಎಲ್ಲ ಕಾರ್ಯಕ್ರಮಗಳೂ ಕೂಡಿ ಬಳಸುವ ಬಾವಿಯೆಂದರೆ ರ್ಯಾಮ್, ಯಂತ್ರದ ತತ್ಕಾಲದ ಸ್ಮರಣೆ.

ದಿನಚರಿಯ ವೇಳೆಗಳನ್ನು ಒಂದು ಕಾಗದದ ಮೇಲೆ ಸಾಲಾಗಿ ಬರೆದೆನು. ಎಲ್ಲವೂ ಮಧ್ಯಾಹ್ನ 1ರಿಂದ 5ರ ಒಳಗೆ. ನಮ್ಮ ಭಾಗದ ಮೇ ತಿಂಗಳ ಬಿಸಿಲು 40 ಅಂಶ ದಾಟುವದು ವಾಚಕರಿಗೆ ತಿಳಿದದ್ದೇ. ವಿದ್ಯುತ್ತು ಹೋದಾಗ ಯು.ಪಿ.ಎಸ್. ಯಂತ್ರವನ್ನು ನಡೆಸುತ್ತಿತ್ತು, ಕೋಣೆಯ ಕೂಲರನ್ನು ನಡೆಸುತ್ತಿರಲಿಲ್ಲ. ಮುಚ್ಚಿದ ಕೋಣೆಯಲ್ಲಿ ಯಂತ್ರ ತನ್ನ ಕಾವಿನಲ್ಲೇ ಬೇಯುತ್ತಿತ್ತು.

ಕಾವಿಗೂ ನೆನಪಿಗೂ ಏನು ಸಂಬಂಧವೆಂದು ಕೇಳಬಹುದು. ರ್ಯಾಮಿನಲ್ಲಿ ಪ್ರತಿಯೊಂದು ಅಂಕೆಯೂ ಒಂದು ಅತಿಸೂಕ್ಷ್ಮ ಕೋಶದಲ್ಲಿ ತುಂಬಿಟ್ಟ ವಿದ್ಯುತ್ತಿನ ರೂಪದಲ್ಲಿರುವದು. ಆ ಕೋಶಗಳು ಹೊಸ ಮಣ್ಣಿನ ಕೊಡದಂತೆ ಸದಾ ಜಿನುಗುತ್ತವೆ. ಅದಕ್ಕಾಗಿ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಅವೆಲ್ಲವನ್ನೂ ಓದಿ ಮತ್ತೆ ತುಂಬುತ್ತಿರಬೇಕು. ಕಾವು ಹೆಚ್ಚಿದಂತೆ ಜಿನುಗುವದೂ ಹೆಚ್ಚು. ಗಟ್ಟಿ ಕೋಶಗಳು ತಾಳಿಕೊಳ್ಳುವವು. ದುರ್ಬಲವಾದದ್ದು ತುಂಬುವ ಸರದಿ ಬರುವ ಮೊದಲೇ ಬರಿದಾಗಿ, 1 ಇದ್ದದ್ದು 0 ಆಗುವದು. ಆ ಒಂದು ಅಂಕೆ ಒಂದು ಹೆಸರಿನ ಅಕ್ಷರವಾಗಿದ್ದರೆ ಹೆಸರು ಕೆಡುವದು. ಕಾರ್ಯಕ್ರಮದ ದಾರಿಯಾಗಿದ್ದರೆ ಕಾರ್ಯಕ್ರಮ ಬೀಳುವದು. ಕರ್ನಲ್ಲಿನದಾಗಿದ್ದರೆ ಮನೆಯೇ ಬೀಳುವದು.

ತರ್ಕಕ್ಕೆ ಪ್ರಮಾಣ ಬೇಕಷ್ಟೆ. ಯಂತ್ರದ ಸ್ಮರಣೆಗಿಂತ ದೊಡ್ಡದಾದ ಒಂದು ಫಾಯಿಲನ್ನು ಆರಿಸಿ, ಅದರ ತಾಳೆಯ ಅಂಕೆಯನ್ನು ಮಧ್ಯಾಹ್ನದಲ್ಲಿ ಐದು ಸಲ ತೆಗೆಸಿದೆನು. ಯಾರೂ ಮುಟ್ಟದ ಫಾಯಿಲು. ಐದು ಸಲವೂ ಒಂದೇ ಉತ್ತರ ಬರಬೇಕು. ಎರಡು ಸಲ ಬೇರೆ ಬಂದಿತು. ಆ ರಾತ್ರಿ ಯಂತ್ರವನ್ನು ನಿಲ್ಲಿಸಿ, ರ್ಯಾಮನ್ನು ಪರೀಕ್ಷಿಸುವ ಮೆಮ್‌ಟೆಸ್ಟ್86+ ಎಂಬ ಕಾರ್ಯಕ್ರಮ ಹಚ್ಚಿದೆನು. ಬೆಳಗಿನವರೆಗೆ ಒಂದೂ ದೋಷವಿಲ್ಲ. ರಾತ್ರಿಯ ಸಾಕ್ಷಿ ಮಧ್ಯಾಹ್ನಕ್ಕೆ ಸಲ್ಲದಷ್ಟೆ. ಆದುದರಿಂದ ಮರುದಿನ ಕೂಲರನ್ನು ಆರಿಸಿ ಅದೇ ಪರೀಕ್ಷೆಯನ್ನು ನಡೆಸಿದೆನು. ಎರಡೂವರೆಯ ಸುಮಾರಿಗೆ ಪರದೆಯ ಮೇಲೆ ಕೆಂಪು ಸಾಲುಗಳು ಮೂಡಿದವು. ಎರಡು ರ್ಯಾಮ್ ಪಟ್ಟಿಗಳಲ್ಲಿ ಒಂದೊಂದನ್ನೇ ಇಟ್ಟು ನೋಡಲಾಗಿ ಒಂದರಲ್ಲಿ ಮಾತ್ರ ದೋಷ ಕಂಡಿತು. ಅದನ್ನು ಇನ್ನೊಂದು ಸೀಳಿಗೆ ಬದಲಿಸಿದರೂ ದೋಷ ಅದರ ಬೆನ್ನುಬಿಡಲಿಲ್ಲ. ಕೂಡಿಸುವ ಸೀಳು ನಿರ್ದೋಷಿ, ಪಟ್ಟಿಯೇ ಅಪರಾಧಿ.

ಶುಕ್ರವಾರ ಈ ಎಲ್ಲ ಕಾಗದಗಳನ್ನು ಮೇಜಿನ ಮೇಲಿಟ್ಟೆನು. ಠರಾವಿನ ಕರಡನ್ನು ಹಿಂದಕ್ಕೆ ತೆಗೆದುಕೊಂಡರು. ಸಿಂದಗಿಯ 14 ಹುಡುಗಿಯರಿಗೂ ಜಾಗ ಉಳಿಯಿತು. ಹುಡುಗನಿಗೆ ಸುದ್ದಿ ಹೇಳಿದಾಗ ಅವನು ಸಂತೋಷಪಡುವನೆಂದು ತಿಳಿದಿದ್ದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಾಗದ ಸಿಕ್ಕಿತು, ನಾ ಉಳದೆ ಸರ. ಸಿಗದಿದ್ದರ ಏನಾಗ್ತಿತ್ರಿ?” ಎಂದು ಕೇಳಿದನು.

ಅದಕ್ಕೆ ಬಾಯಿಮಾತಿನ ಉತ್ತರ ಸಾಲದು; ಏರ್ಪಾಡಿನಿಂದಲೇ ಉತ್ತರ ಕೊಡಬೇಕು. ಅಮೇರಿಕದ ಗಣಿತಜ್ಞ ರಿಚರ್ಡ್ ಹ್ಯಾಮಿಂಗರು 1950ರಲ್ಲಿಯೇ, ಅಂಕೆಗಳ ಜೊತೆಗೆ ಕೆಲವು ಕಾವಲಿನ ಅಂಕೆಗಳನ್ನಿಟ್ಟರೆ ತಪ್ಪನ್ನು ಹಿಡಿದು ತಿದ್ದಬಹುದೆಂದು ತೋರಿಸಿದರು. ಆ ಜಾತಿಯ ರ್ಯಾಮಿಗೆ ಇ.ಸಿ.ಸಿ. ಎನ್ನುವರು. ಅದರಲ್ಲಿ ಸಾಧಾರಣವಾಗಿ 64 ಅಂಕೆಗಳಿಗೆ 8 ಕಾವಲುಗಾರರು. ಒಂದು ಕೆಟ್ಟರೆ ತಿದ್ದುವರು, ಎರಡು ಕೆಟ್ಟರೆ ಕೂಗಿ ಹೇಳುವರು. ಬೆಲೆ ಹೆಚ್ಚೆಂದು ಮೊದಲು ಬಿಟ್ಟಿದ್ದ ಆ ಜಾತಿಯ ಯಂತ್ರವನ್ನೇ ಮಂಡಳಿ ಈಗ ತರಿಸಿದೆ. ದಿನಚರಿಯ ಪ್ರತಿ ಬೇರೊಂದು ಯಂತ್ರದಲ್ಲಿಯೂ ಉಳಿಯುವದು. ‘ಕರಪ್ಟ್’ ಕೋಣೆಯಲ್ಲಿ ಏನು ಬಿದ್ದರೂ ಆ ದಿನವೇ ನನಗೆ ಸೂಚನೆ ಬರುವದು. ಯಂತ್ರದ ದಿನಚರಿ ನೋಡದೆ, ಯಂತ್ರದ ಮಾತಿನ ಮೇಲೆ ಯಾವ ನೌಕರನ ವಿರುದ್ಧವೂ ಠರಾವು ಮಾಡಬಾರದೆಂದು ಮಂಡಳಿ ನಿಯಮ ಮಾಡಿಕೊಂಡಿದೆ.

ಈ ಮಾತು ಮಂಡಳಿಗಳಿಗಷ್ಟೇ ಸಲ್ಲುವದಲ್ಲ. ಇಂದು ಪಡಿತರದ ಅಂಗಡಿಯಲ್ಲಿ ಕಳೆ ಕಿತ್ತು ಸವೆದ ಹೆಬ್ಬೆಟ್ಟನ್ನು ಯಂತ್ರ ಗುರುತಿಸದೆ ಹೋದರೆ ಮುದುಕಿಯನ್ನೇ ಅನುಮಾನಿಸುವರು. ಹಣ ಮುಟ್ಟಲಿಲ್ಲವೆಂದರೆ ಕಳಿಸಿದ ಮಗನನ್ನೇ ಬೈಯುವರು. ಇಂಥ ಸಮಯದಲ್ಲಿ ಗೃಹಸ್ಥರು ಮಾಡತಕ್ಕದ್ದು ಇಷ್ಟೆ: ದಿನ, ತಾಸು, ನಿಮಿಷ ಬರೆದಿಟ್ಟುಕೊಳ್ಳಬೇಕು, ರಸೀದಿ ಕೇಳಿ ಪಡೆಯಬೇಕು, ದಾಖಲೆ ತೆರೆದು ನೋಡಿರೆಂದು ಸೌಮ್ಯವಾಗಿ ಆದರೆ ಬಿಡದೆ ಕೇಳಬೇಕು. ಯಂತ್ರಕ್ಕೆ ಮಾನವಿಲ್ಲ, ಅದು ಹೋದರೆ ಇನ್ನೊಂದು ತರಬಹುದು. ಮನುಷ್ಯನ ಮಾನಕ್ಕೆ ಆ ಅನುಕೂಲವಿಲ್ಲ.